ಖಾರದವ್ವನ ಬಾಯಿ

ಖಾರದವ್ವನ ಬಾಯಿ ಮುಚ್ಚಿದ್ದನ್ನು ಮೊದಲು ಕಂಡವನು ಕಂಡಕ್ಟರ್ ಅಣ್ಣಾರಾಯ. ಮಧ್ಯಾಹ್ನದ ಬಸ್ಸು ವಿಜಾಪುರದಿಂದ ಉಮದಿಗೆ ಬಂದು ನಿಂತು, ಡ್ರೈವರ್ ಊಟಕ್ಕೆ ಹೊರಟ ಕೂಡಲೇ ಅಣ್ಣಾರಾಯ ಟಿಕೀಟಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಸಲೀಮನ ಕಂಪ್ಯೂಟರ್ ಅಂಗಡಿಗೆ ಓಡಿಬರುವವನು. ಅವತ್ತೂ ಹಾಗೆಯೇ ಬಂದ. ಕುರ್ಚಿ ಎಳೆದುಕೊಂಡ. ಪರದೆಯ ಮೇಲಿನ ಎಲೆಯಾಟದಲ್ಲಿ ತನ್ನ ಪಾಲಿನ ಎಲೆಗಳನ್ನು ತೆರೆದ. ತೆರೆದವನು ಪರದೆಗೆ ಮೂಗು ತಾಗುವಷ್ಟು ಬಾಗಿದ.

"ಸಲೀಮಾ! ಖಾರದವ್ವಗ ಏನಾಗೇತೋ?"

"ಏನೂ ಆಗಿಲ್ಲಣ್ಣಾ. ಆಡ್ರಿ."

"ಏನೂ ಆಗಿಲ್ಲಂತ! ಬಾಯಿ ಮುಚ್ಚೇತಿ, ತಲಿ ಬಾಚೇತಿ, ಒನಕಿ ಕಸಗೊಂಡು ಕೈಯಾಗ ಹೂವಿನ ಬುಟ್ಟಿ ಕೊಟ್ಟೀರಲ್ಲೋ! ಇಕೀನ ಟಗರಿನ ಮುಂದ ನಿಲ್ಲಿಸಿದ್ರ ಅದು ಹೆದರಿ ಓಡತೈತೋ, ಬುಟ್ಟಿಗೆ ಬಾಯಿ ಹಾಕಿ ಹೂವು ಮೇಯತೈತೋ?"

ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮಕ್ತುಮಸಾಬನಿಗೆ ಇದು ಕೇಳಿಸಿತು. ಅವನು ಅರ್ಧ ಸೇದಿದ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿದ. ಆ ಹೂವಿನ ಬುಟ್ಟಿ ಅವನು ಬರೆದದ್ದು. ಹೋದ ಒನಕೆಯೂ ಅವನು ಬರೆದದ್ದೇ.

ಮಕ್ತುಮಸಾಬ ಸಲೀಮನ ತಂದೆ, ಉಮದಿಯ ಬೋರ್ಡ್ ಪೇಂಟರ್. ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಎತ್ತಿನ ಕೋಡು, ಶಾಲೆಯ ಗೋಡೆ, ಬಣ್ಣ ಬೇಡುವುದೆಲ್ಲ ಅವನ ಕೈಯಲ್ಲಿ ಹಾದುಹೋಗಿತ್ತು. ಕೈ ಒಳ್ಳೆಯದು. ಒಂದೇ ಒಂದು ತೊಂದರೆ ಎಂದರೆ ಮನಸ್ಸಿನಿಂದ ಮುಖ ಬರೆಯುವುದು ಅವನಿಗೆ ಆಗುತ್ತಿರಲಿಲ್ಲ. ಕಣ್ಣಾರೆ ಕಂಡ ಮುಖವೇ ಬೇಕು. ಹಿಂದೊಮ್ಮೆ ಹತ್ತಿರದ ಸಂಖ ಎಂಬ ಊರಿನ ಸೀರೆ ಅಂಗಡಿಯ ಬೋರ್ಡಿನಲ್ಲಿ ನಗುತ್ತ ನಿಂತ ಹೆಂಗಸಿಗೆ ಅಲ್ಲಿಯ ಒಬ್ಬ ಮಾಸ್ತರರ ಹೆಂಡತಿಯ ಮುಖ ಬಂದುಬಿಟ್ಟಿತ್ತು. ಮಾಸ್ತರರು ಬಹಳ ದಿನ ಆ ದಾರಿ ಬಿಟ್ಟು ಸುತ್ತು ಹಾಕಿ ಹೋದರು. ಅವರ ಹೆಂಡತಿ ಮಾತ್ರ ಎಲ್ಲಿಗೆ ಹೊರಟರೂ ಅದೇ ದಾರಿ ಹಿಡಿಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಬೋರ್ಡಿನ ಕೆಲಸವೆಲ್ಲ ಫ್ಲೆಕ್ಸಿನ ಪಾಲಾಯಿತು. ಅದೇ ಹೊತ್ತಿಗೆ ಸಲೀಮ ಸಾಂಗ್ಲಿಯಲ್ಲಿ ಕಂಪ್ಯೂಟರ್ ಕಲಿತು ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ತಂದೆಯ ಗೆಳೆಯ ಗುರಪ್ಪನ ಖೋಲಿ ಬಾಡಿಗೆಗೆ ಹಿಡಿದು, ಅರ್ಜಿ, ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ ಇಟ್ಟ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸುಮ್ಮನೆ ಕೂಡಲಾರದೆ ಅವನು ಒಂದು ಎಲೆಯಾಟ ಕಟ್ಟಿದ. ರಾಜ, ರಾಣಿ, ಗುಲಾಮ ಇಲ್ಲದ ಆಟ ಅದು. ಎಲೆಯ ಮೇಲೆಲ್ಲ ಉಮದಿಯ ಬಾಜಾರವೇ. ಮಾಡಗ್ಯಾಳದ ಟಗರು ಗುದ್ದುತ್ತದೆ. ನೀರಿನ ಟ್ಯಾಂಕರ್ ಬಂದರೆ ಬಿದ್ದ ಎಲೆ ಎದ್ದು ಕೂಡುತ್ತದೆ. ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿ ಎದುರಿನವನಿಗೆ "ನಾಳೆ ಬಾ" ಎಂದು ಅವನ ಸರದಿ ತಪ್ಪಿಸುತ್ತಾನೆ. ಕಂಡಕ್ಟರ್ ಸೀಟಿ ಊದಿದರೆ ಎಲ್ಲರೂ ನಿಲ್ಲಬೇಕು. ಎರಡು ಕಂಪ್ಯೂಟರಿಗೆ ಒಂದು ವೈರು ಜೋಡಿಸಿ, ಇಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ಆಟ ಶುರು. ಚಿತ್ರಗಳನ್ನು ಮಕ್ತುಮಸಾಬ ರಟ್ಟಿನ ಮೇಲೆ ಬಣ್ಣದಲ್ಲಿ ಬರೆಯುವನು, ಸಲೀಮ ಅದನ್ನು ಸ್ಕ್ಯಾನ್ ಮಾಡಿ ಒಳಗೆ ಕೂರಿಸುವನು. ಬೋರ್ಡು ಇಲ್ಲದೆ ಒಣಗಿಹೋಗಿದ್ದ ಮಕ್ತುಮಸಾಬನ ಕುಂಚಕ್ಕೆ ಮತ್ತೆ ಜೀವ ಬಂದಿತ್ತು.

ಎಲ್ಲ ಎಲೆಗಳಿಗಿಂತ ದೊಡ್ಡದು ಖಾರದವ್ವ. ಕೂದಲು ಕೆದರಿದೆ, ಖಾರದ ಘಾಟಿಗೆ ಕಣ್ಣು ಕೆಂಪಗಾಗಿದೆ, ಎರಡೂ ಕೈಯಲ್ಲಿ ಒನಕೆ ಎತ್ತಿದ್ದಾಳೆ. ಬಾಯಿ ಎಷ್ಟು ಅಗಲ ತೆರೆದಿದೆ ಎಂದರೆ ಒಳಗಿನ ಕಿರುನಾಲಿಗೆ ಕಾಣುತ್ತದೆ. ಅವಳು ಬಾಯಿ ತೆರೆದರೆ ಎದುರಿನವನ ಸಣ್ಣಪುಟ್ಟ ಎಲೆಗಳೆಲ್ಲ ತಿರುಗಿ ಅವನ ಕೈ ಸೇರಬೇಕು. ಹೆಸರು ಖಾರದವ್ವ ಎಂದಿದ್ದರೂ ಆಟಗಾರರು ಯಾರೂ ಹಾಗೆ ಕರೆಯುತ್ತಿರಲಿಲ್ಲ. "ಹಾಲವ್ವ ಬಂದ್ಲು, ಓಡ್ರೋ!" "ಹಾಲವ್ವನ ಕೆಡವಿದ್ಯಾ!" "ಸತ್ಲು, ಸತ್ಲು, ಹಾಲವ್ವ ಸತ್ಲು!" ಇದೇ ಗದ್ದಲ.

ಹಾಲವ್ವ ಎಂದರೆ ಗುರಪ್ಪನ ಹೆಂಡತಿ. ರಸ್ತೆಯ ಆಚೆ ಬದಿಗೆ ಅವರ ಖಾರ ಕುಟ್ಟುವ ಗಿರಣಿ. ಆ ಗಿರಣಿಯ ಸಪ್ಪಳವನ್ನು ಮೀರಿ ಮಾತಾಡಿ ಮಾತಾಡಿ ಹಾಲವ್ವನ ದನಿ ಅಲ್ಲಿಗೇ ಪಳಗಿಬಿಟ್ಟಿತ್ತು. ಅವಳು ಗಿರಣಿಯಲ್ಲಿ ನಿಂತು ಗುರಪ್ಪನನ್ನು ಕರೆದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ನಾಯಿ ಎದ್ದು ಬೇರೆ ಕಡೆ ಹೋಗಿ ಮಲಗುತ್ತಿತ್ತು. ಬೈಗುಳವೂ ಅದೇ ದನಿಯಲ್ಲಿ, ಊಟಕ್ಕೆ ಕರೆಯುವುದೂ ಅದೇ ದನಿಯಲ್ಲಿ.

ಆ ಊಟ ಮಕ್ತುಮಸಾಬನ ಮನೆಯನ್ನು ಉಳಿಸಿತ್ತು. ಅವನ ಹೆಂಡತಿ ಜಾಹೇದಾ ತೀರಿಕೊಂಡಾಗ ಸಲೀಮ ಇನ್ನೂ ಅಂಬೆಗಾಲಿಡುತ್ತಿದ್ದ. ತಂದೆ ಬಣ್ಣದ ಡಬ್ಬಿ ಹೊತ್ತು ಊರೂರು ತಿರುಗುವಾಗ ಆ ಕೂಸು ಗಿರಣಿಯ ಗೋಣಿಚೀಲದ ಮೇಲೆ ಸೀನುತ್ತ ಸೀನುತ್ತ ಬೆಳೆಯಿತು. ಈಗ ಗಂಡನ ಮನೆಯಲ್ಲಿರುವ ತನ್ನ ಮಗಳಿಗೆ ಹಾಲವ್ವ ಆಗ ಒಂದು ತುತ್ತು ಇಟ್ಟರೆ ಇದಕ್ಕೊಂದು ಇಡುತ್ತಿದ್ದಳು. ಇಬ್ಬರಿಗೂ ಸರಿಯಾಗಿ ಒಂದೊಂದು ಏಟನ್ನೂ ಕೊಡುತ್ತಿದ್ದಳು. ಮಕ್ತುಮಸಾಬನಿಗೆ ಬಾಯಿ ಅಂದರೆ ಹಾಲವ್ವನ ಬಾಯಿ, ಧೈರ್ಯ ಅಂದರೆ ಅವಳ ಧೈರ್ಯ. ದೊಡ್ಡ ಎಲೆಗೆ ಒಂದು ಮುಖ ಬೇಕು ಎಂದು ಮಗ ಕೇಳಿದಾಗ ಕೈ ತಾನಾಗಿ ಆ ಮುಖವನ್ನೇ ಬರೆದಿತ್ತು. ಅವಳಿಗೆ ಮಾತ್ರ ಇದು ಗೊತ್ತಿರಲಿಲ್ಲ. ಹೇಳುವ ಗಂಡಸು ಉಮದಿಯಲ್ಲಿ ಇರಲಿಲ್ಲ.

ಆ ವರ್ಷ ಮೆಣಸಿನಕಾಯಿಯ ಸುಗ್ಗಿ ಮುಗಿಯುವ ಹೊತ್ತಿಗೆ ಹಾಲವ್ವನ ಗಂಟಲು ಕಟ್ಟಿತು. ಖಾರದ ಧೂಳು ಎಂದು ಬಿಸಿನೀರು ಕುಡಿದಳು, ಜೇಷ್ಠಮಧು ಜಗಿದಳು. ಕಡೆಗೆ ಮಿರಜಿಗೆ ಹೋದರೆ ಗಂಟಲಲ್ಲಿ ಗಂಟು ಎಂದು ಗೊತ್ತಾಯಿತು. ಕೊಯ್ದು ತೆಗೆದರು. ಕೆಟ್ಟ ಗಂಟಲ್ಲ, ಅಷ್ಟು ಪುಣ್ಯ. ಆದರೆ ತಾವು ಹೇಳುವ ತನಕ ಒಂದು ಅಕ್ಷರ ಕೂಡ ಆಡಬಾರದು, ಪಿಸುಗುಟ್ಟಲೂ ಬಾರದು, ದನಿ ತಿರುಗಿ ಹೇಗೆ ಬರುತ್ತದೋ ಈಗಲೇ ಹೇಳಲಿಕ್ಕೆ ಆಗುವುದಿಲ್ಲ ಎಂದರು ಡಾಕ್ಟರು.

ಮಿರಜಿನಿಂದ ತಿರುಗಿ ಬಂದ ಮೇಲೆ ಗುರಪ್ಪ ಒಂದು ಹೊಸ ಚಾಳಿ ಹಿಡಿದ. ಅಲ್ಲಿಯ ತನಕ ಅಂಗಡಿಯ ಬಾಗಿಲಲ್ಲಿ ನಿಂತು ಎರಡು ಮಾತಾಡಿ ಹೋಗುತ್ತಿದ್ದವನು ಈಗ ದಿನಾಲು ಒಳಗೆ ಬಂದು ಕೂಡತೊಡಗಿದ. ಆಡುವುದು ಅಷ್ಟಕ್ಕಷ್ಟೇ. ಖಾರದವ್ವನ ಎಲೆ ಕೈಗೆ ಬಂದರೆ ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತ ಕೂತುಬಿಡುತ್ತಿದ್ದ. ಕೆಳಗೆ ಇಡುತ್ತಿರಲಿಲ್ಲ. ಹಿಂದೆ ಕುಳಿತವನು "ಕಾಕಾ, ಎಲಿ ಇಡ್ರಿ, ಬಸ್ ಹೋಗತೈತಿ" ಎಂದು ಕೂಗಿಕೊಂಡರೂ ಕೇಳದವನಂತೆ.

ಕಟ್ಟೆಯ ಮೇಲಿಂದ ಮಕ್ತುಮಸಾಬ ಇದನ್ನು ನೋಡಿದ. ನೋಡಿ ತನಗೆ ತಿಳಿದಂತೆ ಅರ್ಥ ಮಾಡಿಕೊಂಡ. ಗೆಳೆಯನಿಗೆ ಗುರುತು ಸಿಕ್ಕಿದೆ. ತನ್ನ ಹೆಂಡತಿಯನ್ನು ರಾಕ್ಷಸಿಯ ಹಾಗೆ ಬರೆದು ಊರವರ ಕೈಗೆ ಕೊಟ್ಟರು ಎಂದು ಒಳಗೇ ನೋಯುತ್ತಿದ್ದಾನೆ, ದೊಡ್ಡ ಮನುಷ್ಯ, ಬಾಯಿಬಿಟ್ಟು ಹೇಳುತ್ತಿಲ್ಲ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ತೆರೆದ ಬಾಯನ್ನು ಬರೆದದ್ದು ತಾನು. ಎಷ್ಟೋ ಮಂದಿಯ ಕಣ್ಣು ದಿನಾ ಆ ಬಾಯಿಯ ಮೇಲೆ ಬಿದ್ದಿತ್ತು. "ಹಾಲವ್ವ ಸತ್ಲು" ಎಂಬ ಕೂಗು ತಪ್ಪದೆ ಎದ್ದಿತ್ತು. ಅಷ್ಟು ಕಣ್ಣುಗಳ ಕೆಟ್ಟ ನಜರ್ ತಗಲಿದ್ದು ನೆಟ್ಟಗೆ ಗಂಟಲಿಗೇ.

ಒಂದು ಸಂಜೆ ಸಲೀಮ ಹೊರಗೆ ಹೋದಾಗ ಮಕ್ತುಮಸಾಬ ಉಪ್ಪು, ಮೆಣಸಿನಕಾಯಿ ಹಿಡಿದು ಕಂಪ್ಯೂಟರಿಗೆ ನಿವಾಳಿಸಿ ಇಳಿ ತೆಗೆದು ಕೆಂಡಕ್ಕೆ ಹಾಕಿದ. ಮೆಣಸಿನಕಾಯಿ ಸುಟ್ಟಿತು, ಘಾಟು ಮಾತ್ರ ಏಳಲಿಲ್ಲ. ಘಾಟು ಬರದಿದ್ದರೆ ನಜರ್ ಭಾರೀ ಎಂದೇ ಲೆಕ್ಕ. ಮರಳಿ ಬಂದ ಸಲೀಮ ಮೂಗು ಅರಳಿಸಿದ.

"ಅಬ್ಬಾ, ಏನಿದು ಹೊಗಿ? ಮಷೀನಿಗೆ ಹೊಗಿ ತಗಲಬಾರದು."

"ಘಾಟ ಏಳಲಿಲ್ಲಪಾ ಸಲೀಮ."

"ಆ ಮೆಣಸಿನಕಾಯಿ ಹೋದ ವರ್ಷದ್ದು. ಮಳಿಯಾಗ ತೋಯ್ದಿದ್ದು. ಹೆಂಗ ಏಳತೈತಿ?"

ಮಗನ ಮಾತು ತಲೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ಮರುದಿನವೇ ಅವನು ಹೊಸ ಚಿತ್ರಕ್ಕೆ ಕೂತ. ತುರುಬು ಕಟ್ಟಿದ, ತಲೆಯ ಮೇಲೆ ಸೆರಗು ಹೊದಿಸಿದ, ಕಣ್ಣಿನ ಕೆಂಪು ಅಳಿಸಿ ದೃಷ್ಟಿಯನ್ನು ನೆಲಕ್ಕೆ ಇಳಿಸಿದ, ತುಟಿಗೆ ತುಟಿ ಕೂಡಿಸಿ ಸಣ್ಣ ನಗು ಬರೆದ. ಒನಕೆಯ ಜಾಗದಲ್ಲಿ ಹೂವಿನ ಬುಟ್ಟಿ. ಸಲೀಮ ಅದನ್ನು ನೋಡಿದ, ತಂದೆಯ ಮುಖವನ್ನೂ ನೋಡಿದ. ಚಿತ್ರ ಬದಲಾಯಿಸಿದ. ಎಲೆಯ ಶಕ್ತಿ ಮೊದಲಿನಷ್ಟೇ ಇಟ್ಟ.

ಅಣ್ಣಾರಾಯ ಕಂಡ ಮೇಲೆ ಸುದ್ದಿ ಹರಡಲು ತಡವಾಗಲಿಲ್ಲ. ಚಹಾದಂಗಡಿಯ ವಿಠೋಬ ಕೈಯಲ್ಲಿ ಕೆಟಲಿ ಹಿಡಿದೇ ಬಂದ. ನೋಡಿದ. "ಇದು ಕನ್ಯಾ ತೋರಿಸಾಕ ತಗಸಿದ ಫೋಟೋ ಇದ್ದಂಗ ಐತಿ" ಎಂದ.

"ಶಕ್ತಿ ಕಡಿಮಿ ಮಾಡ್ಯಾನ ಇವ," ಎಂದು ಅಣ್ಣಾರಾಯ ಸಲೀಮನ ಕಡೆ ಬೆರಳು ತೋರಿಸಿದ. "ನಿನ್ನಿ ಒಂದ ಸಲ ಒದರಿದ್ರ ಟಗರ ಹಿಂದ ಸರೀತಿತ್ತು. ಇವತ್ತ ಮೂರು ಆಟ ಸೋತೀನಿ."

"ಶಕ್ತಿಗೆ ಕೈ ಹಚ್ಚಿಲ್ಲಣ್ಣಾ. ಬೇಕಾದ್ರ ನೋಡ್ರಿ, ಅಂಕಿ ಅದ ಐತಿ."

"ಅಂಕಿ ಇದ್ದರೇನಾತು? ಇಡೂ ಮುಂದ ನನಗ ಧೈರ್ಯ ಬರವಲ್ದು! ಇಕೀ ಕೈಯಾಗ ಟಿಕೀಟ ಪೆಟಗಿ ಕೊಟ್ಟರ ಬಸ್ಸಿನ ಮಂದಿ ಎಲ್ಲಾರೂ ಪುಕ್ಕಟ ಹೋಗತಾರ."

ಇದು ನಿಜವೇ ಆಗಿತ್ತು. ಅಂಕಿ ಬದಲಾಗದಿದ್ದರೂ ಆಡುವವರ ಕೈ ಬದಲಾಗಿತ್ತು. ಆ ಎಲೆ ಬಂದರೆ ಎಲ್ಲರೂ ಅದನ್ನು ಕಡೆಯ ತನಕ ಕೈಯಲ್ಲೇ ಹಿಡಿದು, ಇಡುವ ಹೊತ್ತಿಗೆ ಇಡದೆ ಸೋಲುತ್ತಿದ್ದರು. ಸೋತು ಚಿತ್ರವನ್ನು ಬೈಯುತ್ತಿದ್ದರು. ಒಂದಿಬ್ಬರು ಇನ್ನೊಂದು ದಾರಿ ಹುಡುಕಿದರು. ವಿಠೋಬನಿಗೂ ಆಟದಲ್ಲಿ ಒಂದು ಎಲೆ ಇತ್ತು. ಅದರಲ್ಲಿ ಅವನ ಹೊಟ್ಟೆ ಚಹಾದ ಒಲೆಗಿಂತ ಮುಂದೆ ಇತ್ತು.

"ಮಕ್ತುಮ ಚಾಚಾ," ಎಂದು ಅವನು ಮೆಲ್ಲಗೆ ಕಟ್ಟೆಗೆ ಬಂದು ಕೂತ, "ಹಾಲವ್ವಗ ತುರುಬ ಕಟ್ಟೀರಿ, ಚಲೋ ಆತು. ಹಂಗ ನನ್ನ ಹೊಟ್ಟಿನೂ ಒಂದೀಟ ಒಳಗ ತಗೋರಿ."

"ಹೊಟ್ಟಿ ತಗದ್ರ ನಿನ್ನ ಗುರ್ತ ಹೆಂಗ ಸಿಗತೈತೋ?"

"ಮತ್ತ ಬಾಯಿ ಮುಚ್ಚಿದ್ರ ಹಾಲವ್ವನ ಗುರ್ತ ಹೆಂಗ ಸಿಗತೈತಿ?" ಎಂದ ವಿಠೋಬ.

ಅಷ್ಟರಲ್ಲಿ ರಸ್ತೆ ದಾಟಿ ಗುರಪ್ಪ ಬಂದ. ಅವನು ಖಾಲಿ ಕುರ್ಚಿಯಲ್ಲಿ ಕೂತ, ಎಲೆಗಳನ್ನು ತೆರೆದ. ಖಾರದವ್ವ ಅವನ ಪಾಲಿಗೇ ಬಂದಿದ್ದಳು. ಎಂದಿನಂತೆ ದೊಡ್ಡದು ಮಾಡಿದ. ಗುರಪ್ಪ ಪರದೆಯನ್ನು ನೋಡಿದ, ಪಕ್ಕಕ್ಕೆ ಬಾಗಿ ನೋಡಿದ, ಧೋತರದ ತುದಿಯಿಂದ ಗಾಜನ್ನು ಒರೆಸಿಯೂ ನೋಡಿದ. ಆಮೇಲೆ ಟೊಪ್ಪಿಗೆ ಎತ್ತಿ ತಲೆಗೆ ಇಟ್ಟುಕೊಂಡು ಎದ್ದ. ಬಾಗಿಲು ದಾಟುವಾಗ ಕಟ್ಟೆಯ ಮೇಲಿದ್ದ ಗೆಳೆಯನ ಕಡೆ ತಿರುಗಲೂ ಇಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ರಸ್ತೆಯಲ್ಲಿ ಎದುರಾದಾಗ ಮಕ್ತುಮಸಾಬ "ಗುರಪ್ಪಾ" ಎಂದರೆ "ಹೂಂ" ಎಂದಷ್ಟೇ ಹೇಳಿ ನಡೆದ. ಇಷ್ಟು ವರ್ಷಗಳಲ್ಲಿ ಅವರ ನಡುವೆ ಜಗಳ ಆಗಿದ್ದುಂಟು. "ಹೂಂ" ಆಗಿರಲಿಲ್ಲ.

"ಸಿಟ್ಟು ಇನ್ನೂ ಇಳದಿಲ್ಲ," ಎಂದ ಮಕ್ತುಮಸಾಬ ಮಗನ ಮುಂದೆ. ಅನ್ನ ಕಲಸುತ್ತಿದ್ದ ಕೈ ಹಾಗೇ ನಿಂತಿತ್ತು. "ಚಿತ್ರ ಬದಲಿ ಮಾಡಿದ್ರೂ ಇಳದಿಲ್ಲ. ಆ ಮನೀ ಅನ್ನ ತಿಂದು ಆ ಮನೀ ಹೆಣ್ಣಮಗಳ್ನ ನಾನು ಊರಾಗ ನಗಿಗೇಡ ಮಾಡಿದ್ನಿ. ಆಕೀ ದನಿ ತಿರುಗಿ ಬರಲಿಲ್ಲಂದ್ರ ನಾ ಯಾವ ಮಾರಿಯಿಂದ ಆ ಬಾಗಲಾ ದಾಟಲಿ?"

"ಅದಕ್ಕ ಈಗ ದಾಟೂಣು ನಡೀರಿ," ಎಂದ ಸಲೀಮ. "ಇಲ್ಲಿ ಕುಂತ ಅಂದ್ರ ಅನ್ನ ಕೆಡತೈತಿ ಅಷ್ಟ."

ಇಬ್ಬರೂ ಹೊರಟರು. ಮಕ್ತುಮಸಾಬ ಎರಡೂ ರಟ್ಟುಗಳನ್ನು ರುಮಾಲಿನಲ್ಲಿ ಸುತ್ತಿಕೊಂಡ. ಹೊಸದನ್ನು ಹಾಲವ್ವನ ಕೈಗೆ ಕೊಡಬೇಕು. ಹಳೆಯದನ್ನು ಅವಳ ಎದುರಿಗೇ ಅವಳ ಒಲೆಗೆ ಹಾಕಿ ಕೈಮುಗಿಯಬೇಕು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಒಪ್ಪ ಮಾಡಿಕೊಂಡ.

ಗುರಪ್ಪನ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ಅವರು ಎಂದೂ ಕಂಡಿರಲಿಲ್ಲ. ಪಡಸಾಲೆಯ ಗಡಿಯಾರ ನಡೆಯುವುದು ಬಾಗಿಲಿಗೇ ಕೇಳುತ್ತಿತ್ತು. ಗುರಪ್ಪ ಕಂಬಕ್ಕೆ ಒರಗಿ ಕೂತಿದ್ದ. "ಬರ್ರಿ" ಎಂದ, "ಕುಂದ್ರಿ" ಎಂದ. ತನಗೆ ಬಹುವಚನ ಬಂದದ್ದು ಕೇಳಿ ಮಕ್ತುಮಸಾಬ ಕೂಡಲಿಲ್ಲ.

"ಗುರಪ್ಪಾ, ತಪ್ಪಾಗೇತಿ."

"ಆಗೇತಿ," ಎಂದ ಗುರಪ್ಪ.

"ನಾ ವೈನೀ ಚಿತ್ರಾ ಬರೀಬಾರದಿತ್ತು. ಕೂದಲಾ ಬಿಟ್ಟು, ಬಾಯಿ ತಗದು..."

"ಲೇ ಮಕ್ತುಮ್ಯಾ!" ಗುರಪ್ಪ ನೆಟ್ಟಗಾದ. "ನಾ ಯಾವಾಗ ಅದಕ್ಕ ಸಿಟ್ಟಾಗೇನಿ? ನನ್ನ ಹೇಂತೀ ಗುರ್ತ ನನಗ ಹತ್ತಂಗಿಲ್ಲೇನು? ಮೊದಲನೇ ದಿನಾನ ಹತ್ತೇತಿ. ಇಲ್ಲಿ ನೋಡು. ಮನ್ಯಾಗ ಡಾಕ್ಟರ ಬಾಯಿ ಮುಚ್ಚಿಸ್ಯಾನ. ಗಿರಣಿ ಬಂದ್ ಐತಿ. ಮುಂಜಾನಿ ಎದ್ದರ ಬೈಯೂದಿಲ್ಲ, ಉಣ್ಣಾಕ ಕರಿಯೂದಿಲ್ಲ. ಗಡಿಯಾರ ಕೇಳಿ ಕೇಳಿ ತಲಿ ಕೆಟ್ಟೇತಿ ನನಗ. ಆಕೀ ಬಾಯಿ ತಗದಿದ್ದು ಕಾಣಾಕ ಊರಾಗ ಒಂದ ಜಾಗಾ ಇತ್ತು. ಅಲ್ಲಿ ಹೋಗಿ ಕುಂತ್ರ ಇನ್ನ ಒದರತಾಳ, ಇನ್ನ ಒದರತಾಳ ಅನಸ್ತಿತ್ತು. ಅಲ್ಲೂ ಮುಚ್ಚಿಸಿದ್ರಲ್ಲೋ!"

ಅಡುಗೆಮನೆಯಿಂದ ಠಣ್ ಎಂದು ಸಪ್ಪಳ ಬಂತು. ಹಿತ್ತಾಳೆಯ ತಾಟಿಗೆ ಚಮಚದಿಂದ ಬಡಿದ ಸಪ್ಪಳ. ಮತ್ತೆ ಠಣ್, ಠಣ್.

"ಹೋತು," ಎಂದ ಗುರಪ್ಪ. "ಕೇಳಿಸ್ಕೊಂಡ್ಲು."

ಹಾಲವ್ವ ಹೊರಗೆ ಬಂದಳು. ಕೊರಳಿಗೆ ಬಿಳಿ ಪಟ್ಟಿ, ಒಂದು ಕೈಯಲ್ಲಿ ತಾಟು, ಇನ್ನೊಂದರಲ್ಲಿ ಚಮಚ. ದವಾಖಾನೆಯಿಂದ ಬಂದಾಗಿನಿಂದ ಅವಳ ಮಾತೆಲ್ಲ ಆ ತಾಟಿನಿಂದಲೇ ನಡೆಯುತ್ತಿತ್ತು. ಅವಳು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು. ಗದ್ದ ಮೇಲೆತ್ತಿದಳು. ಏನು ಎಂದು ಅದರ ಅರ್ಥ.

ತಯಾರು ಮಾಡಿಕೊಂಡು ಬಂದ ಮಾತೆಲ್ಲ ಮಕ್ತುಮಸಾಬನಿಗೆ ಮರೆತುಹೋಯಿತು. ರುಮಾಲು ಬಿಚ್ಚಿ ಹೊಸ ಚಿತ್ರವನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. "ವೈನೀ, ಇದು ನೀವು" ಎಂದ.

ಹಾಲವ್ವ ರಟ್ಟನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ನೋಡಿದಳು. ಆಮೇಲೆ ತಿರುಗಿ ಬಾಗಿಲ ಕಡೆ ನೋಡಿದಳು. ಅಡುಗೆಮನೆಯೊಳಗೂ ಬಗ್ಗಿ ನೋಡಿ ಬಂದು, ಅಂಗೈ ಮೇಲೆ ಮಾಡಿ ನಿಂತಳು.

"ಯಾರೀಕಿ, ಯಾವಾಗ ಬಂದ್ಲು, ಎಲ್ಲದಾಳ ಅಂತ ಕೇಳಾಕತ್ತಾಳ," ಎಂದ ಗುರಪ್ಪ.

ಸಲೀಮನಿಗೆ ನಗು ತಡೆಯಲಾಗಲಿಲ್ಲ. ತಂದೆಯ ಕೈಯಿಂದ ಇನ್ನೊಂದು ರಟ್ಟನ್ನು ಎಳೆದು ಅವಳ ಕೈಗೆ ಕೊಟ್ಟ. "ಅವ್ವಾ, ಮೊದಲ ಇದಿತ್ತು."

ಹಾಲವ್ವ ಅದನ್ನು ಬಹಳ ಹೊತ್ತು ನೋಡಿದಳು. ಕೆದರಿದ ಕೂದಲು, ಕೆಂಪು ಕಣ್ಣು, ಎತ್ತಿದ ಒನಕೆ, ತೆರೆದ ಬಾಯಿ. ಮಕ್ತುಮಸಾಬ ಅವಳ ಮುಖ ನೋಡಲು ಹೆದರಿ ಅವಳ ಕಾಲ್ಬೆರಳ ಕಾಲುಂಗುರ ನೋಡುತ್ತಿದ್ದ. ಆ ಕಾಲುಗಳು ನೆಲಕ್ಕೆ ಸರಿಯಾಗಿ ಊರಿಕೊಂಡವು. ಕಣ್ಣೆತ್ತಿದರೆ ಹಾಲವ್ವ ನೆಟ್ಟಗೆ ನಿಂತಿದ್ದಳು. ಮಿರಜಿಗೆ ಹೋಗಿ ಬಂದ ಮೇಲೆ ಬಾಗಿದ್ದ ಹೆಗಲು ಹಿಂದಕ್ಕೆ ಸರಿದಿತ್ತು.

"ವೈನೀ, ಹುಡುಗ್ರು ದಿನಾ ನಿಮ್ಮ ಹೆಸರ ತಗೊಂಡು ಸತ್ಲು ಸತ್ಲು ಅಂತ ಒದರ್ತಿದ್ರು. ನಾನೂ ಕುಂತು ನಕ್ಕೀನಿ. ಅದರ ನಜರ್ ನಿಮ್ಮ ಗಂಟಲಿಗೆ ಹತ್ತೇತಿ. ಇಳಿ ತಗದ್ರ ಘಾಟ ಸೈತ ಏಳಲಿಲ್ಲ. ಇದನ್ನ ನಿಮ್ಮ ಒಲಿಗೆ ಹಾಕಿಬಿಡ್ರಿ."

ಹಾಲವ್ವ ರಟ್ಟನ್ನು ಎದೆಗೆ ಅವಚಿಕೊಂಡಳು. ಚಮಚದ ತುದಿಯಿಂದ ಮೊದಲು ಮಕ್ತುಮಸಾಬನನ್ನು, ಆಮೇಲೆ ತನ್ನನ್ನು ತೋರಿಸಿದಳು. ಒನಕೆ ಹಿಡಿದವಳಂತೆ ಚಮಚ ಎತ್ತಿ ಎಡಕ್ಕೆ ಬಲಕ್ಕೆ ಬೀಸಿದಳು. ಬೆರಳು ಬಿಡಿಸಿ ಕೈ ಆಡಿಸಿದಳು.

"ಊಟಕ್ಕ ಎಷ್ಟ ಮಂದಿ ಅಂತ ಕೇಳತಾಳ," ಎಂದ ಗುರಪ್ಪ.

ಠಣ್!

"ಗಿರಣಿ ಯಾವಾಗ ಚಾಲೂ ಅಂತ?"

ಠಣ್! ಠಣ್!

ಅವಳ ಕೈತುತ್ತು ತಿಂದು ಬೆಳೆದ ಸಲೀಮನಿಗೆ ತಿಳಿಯಿತು. "ನಿನ್ನ ಎಷ್ಟ ಸಲ ಕೆಡವ್ಯಾರೋ ಬಿಡು, ನೀ ಎಷ್ಟ ಮಂದೀನ ಕೆಡವಿ ಅಂತ ಕೇಳತಿ, ಹೌದಲ್ಲವ್ವಾ?"

ಹಾಲವ್ವ ಹೌದೆಂದು ತಲೆ ಹಾಕಿದಳು.

"ಲೆಕ್ಕ ಇಲ್ಲವ್ವಾ! ತಲಾಠಿ, ಕಂಡಕ್ಟರ, ಟಗರ, ಚಹಾದ ವಿಠೋಬ, ಯಾರ್ನೂ ಬಿಟ್ಟಿಲ್ಲ ನೀ."

ಹಾಲವ್ವನ ಹೊಟ್ಟೆ ಅಲುಗಾಡಿತು. ಹೆಗಲು ಕುಣಿದವು. ಕಣ್ಣಲ್ಲಿ ನೀರು ಬಂತು. ಒಂದಿಷ್ಟೂ ಸಪ್ಪಳವಿಲ್ಲದೆ, ತಾಟನ್ನು ಬಾಯಿಗೆ ಅಡ್ಡ ಹಿಡಿದು ಅವಳು ನಕ್ಕಳು. "ನಗಬ್ಯಾಡ! ಹೊಲಿಗಿ ಹರೀತಾವು! ಮಕ್ತುಮ್ಯಾ, ನಗಸಬ್ಯಾಡಲೇ ಆಕೀನ!" ಎಂದು ಗುರಪ್ಪ ಎದ್ದು ಅವಳ ಸುತ್ತ ತಿರುಗಾಡಿದ. ತಿರುಗಾಡುತ್ತಲೇ ಅವನಿಗೂ ನಗು ಬಂತು. ಮಕ್ತುಮಸಾಬನಿಗೆ ಮಾತ್ರ ಅಳು ಬಂತು. ಅವನು ರುಮಾಲಿನಿಂದ ಮುಖ ಒರೆಸಿಕೊಂಡು ಆಗ ಕೂತ.

ಕೂತವನನ್ನು ಹಾಲವ್ವ ಏಳಗೊಡಲಿಲ್ಲ. ರೊಟ್ಟಿ ಬಂತು, ಪುಂಡಿಪಲ್ಲೆ ಬಂತು, ಬೇಡವೆಂದರೆ ಠಣ್ ಎನ್ನುತ್ತಿತ್ತು. ಊಟವಾದ ಮೇಲೆ ಅವಳು ಹಳೆಯ ಚಿತ್ರವನ್ನು ಅವನ ಎದುರಿಗಿಟ್ಟು ಅದರ ಬಾಯಿಯ ಮೇಲೆ ಬೆರಳಿಟ್ಟು, ಇದಲ್ಲ ಎಂಬಂತೆ ಕೈಯಾಡಿಸಿದಳು. ಆಮೇಲೆ ಅವನಿಗೆ ಎದುರಾಗಿ ಕೂತು, ಸೆರಗು ಸರಿಸಿ, ಸೊಂಟಕ್ಕೆ ಕೈ ಕೊಟ್ಟು, ಉಸಿರು ತಡೆದು ತನ್ನ ಬಾಯನ್ನೇ ತೆರೆದು ತೋರಿಸಿದಳು. ಕೊರಳ ನರ ಉಬ್ಬಿತು. ಗುರಪ್ಪ "ಸಾಕು, ಸಾಕು" ಎಂದು ಕೈ ಅಡ್ಡ ತಂದ. ಸಪ್ಪಳವಿಲ್ಲದ ಆ ಬಾಯನ್ನು ಮಕ್ತುಮಸಾಬ ಕಣ್ಣು ತುಂಬ ನೋಡಿದ. ತಾನು ನೆನಪಿನಿಂದ ಬರೆದದ್ದರಲ್ಲಿ ಮುಂದಿನ ಒಂದು ಹಲ್ಲು ಹೆಚ್ಚಾಗಿತ್ತು, ಅದು ಅವಳಿಗೆ ಯಾವಾಗಲೋ ಬಿದ್ದುಹೋಗಿತ್ತು. ತುಟಿಯ ಎಡತುದಿ ಬಲಕ್ಕಿಂತ ಮೇಲೆ ಹೋಗುತ್ತಿತ್ತು.

"ಮತ್ತ ಪಟ್ಟಿ, ವೈನೀ? ಪಟ್ಟಿ ಬಿಟ್ಟ ಬರೀತೀನಿ."

ಹಾಲವ್ವ ಕೊರಳ ಪಟ್ಟಿಯ ಮೇಲೆ ಎರಡು ಸಲ ಬೆರಳು ಬಡಿದಳು. ಇದೂ ಬೇಕು.

ಮುಂದಿನ ಸಂತೆಯ ದಿನ ಹೊಸ ಖಾರದವ್ವ ಪರದೆಗೆ ಬಂದಳು. ಕೂದಲು ಮೊದಲಿನಂತೆ ಕೆದರಿತ್ತು, ಒನಕೆ ಮೇಲೆದ್ದಿತ್ತು, ಬಾಯಿ ಮೊದಲಿಗಿಂತ ಅಗಲ, ಒಂದು ಹಲ್ಲು ಕಡಿಮೆ, ಕೊರಳಿಗೆ ಬೆಳ್ಳನೆಯ ಪಟ್ಟಿ. ಅಂಗಡಿ ತುಂಬಿತ್ತು. ವಿಠೋಬ ಕೆಟಲಿಯನ್ನು ಕೆಳಗಿಟ್ಟ.

"ಪಟ್ಟಿ ಕಟಗೊಂಡ ಬಂದಾಳ," ಎಂದ ಅಣ್ಣಾರಾಯ, ದನಿ ಇಳಿಸಿ. "ಇನ್ನ ಬಿಡಂಗಿಲ್ಲ ಇಕಿ."

ಎಲೆ ಇಟ್ಟ. ಎದುರಿನ ಟಗರು ಹಿಂದಕ್ಕೆ ಸರಿಯಿತು. ಅಣ್ಣಾರಾಯ ಕುರ್ಚಿಯಿಂದ ಹಾರಿ ಎದ್ದ. "ಅಂದ್ನಿಲ್ಲ! ಸಲೀಮಾ, ಶಕ್ತಿ ಹೆಚ್ಚ ಮಾಡಿ ಹೌದಿಲ್ಲ?"

ಸಲೀಮ ಅಂಕಿಗೆ ಈ ಸಲವೂ ಕೈ ಹಚ್ಚಿರಲಿಲ್ಲ. ಹೇಳಲು ಬಾಯಿ ತೆರೆದವನು, ಕಟ್ಟೆಯ ಮೇಲೆ ಕುಳಿತ ತಂದೆಯನ್ನು ನೋಡಿ "ಹೂಂ, ಒಂದೀಟ ಮಾಡೀನಿ" ಎಂದ.

ಅವತ್ತಿನಿಂದ "ಹಾಲವ್ವ ಸತ್ಲು" ಎಂಬ ಮಾತನ್ನು ಮಕ್ತುಮಸಾಬ ಅಂಗಡಿಯಲ್ಲಿ ಬಂದ್ ಮಾಡಿಸಿದ. ಎಲೆ ಬಿದ್ದರೆ "ಹಾಲವ್ವ ಮನಿಗೆ ಹೋದ್ಲು" ಎನ್ನಬೇಕು. ಹುಡುಗರು ಮೊದಮೊದಲು ಗೊಣಗಿದರು, ಆಮೇಲೆ ರೂಢಿಯಾಯಿತು. ಗುರಪ್ಪ ಮತ್ತೆ ಬಂದು ಕೂಡತೊಡಗಿದ. ಈಗ ಎಲೆ ದೊಡ್ಡದು ಮಾಡಿ ನೋಡಿದ ಮೇಲೆ ಕೆಳಗೆ ಇಡುವುದನ್ನೂ ಕಲಿತಿದ್ದ.

ಮಳೆಗಾಲ ಹಿಡಿಯುವ ಹೊತ್ತಿಗೆ ಡಾಕ್ಟರು ಮಾತಾಡಲು ಒಪ್ಪಿಗೆ ಕೊಟ್ಟರು. ದನಿ ಬಂತು. ಮೊದಲಿನ ದನಿ ಬರಲಿಲ್ಲ. ಹಳೆಯ ಸೀರೆಯಷ್ಟು ತೆಳ್ಳಗಾಗಿತ್ತು. ಮಗ್ಗುಲಲ್ಲಿ ಕೂತವರಿಗೆ ಕೇಳಬೇಕು, ಅಷ್ಟೇ. ಧೂಳಿಗೆ ಹೋಗಬಾರದೆಂದು ಕಟ್ಟಪ್ಪಣೆ ಇದ್ದುದರಿಂದ ಗಿರಣಿಯ ಒಳಗೆ ಆಳು ನಿಂತ. ಹಾಲವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಮೊದಲಿನಷ್ಟೇ ಬೈದಳು. ಬೈಸಿಕೊಳ್ಳುವವರು ಹತ್ತಿರ ಬಂದು, ಬಾಗಿ, ಕಿವಿ ಕೊಟ್ಟು ಬೈಸಿಕೊಂಡು ಹೋಗಬೇಕಾಗುತ್ತಿತ್ತು. ಹಾಗೆಯೇ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಆಟ ರಂಗಿಗೇರಿತ್ತು. ಗಿರಣಿ ಕುಟ್ಟುತ್ತಿತ್ತು, ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಅಂಗಡಿಯಲ್ಲಿ ಹುಡುಗರ ಕೂಗು. ಗೆಲ್ಲುವ ಎಲೆ ಗುರಪ್ಪನ ಕೈಯಲ್ಲಿತ್ತು. ಬೆರಳು ಗುಂಡಿಯ ಮೇಲಿತ್ತು. ಅವನು ತಟ್ಟನೆ ತಲೆ ಎತ್ತಿದ, ಕಾಲಿನಿಂದ ಚಪ್ಪಲಿ ಹುಡುಕಿದ.

"ಕಾಕಾ, ಎಲ್ಲಿಗೆ? ಎಲಿ ಇಟ್ಟ ಹೋಗ್ರಿ! ಗೆದ್ದಾಂಗ ಐತಿ!" ಎಂದ ಅಣ್ಣಾರಾಯ.

"ಉಣ್ಣಾಕ ಕರದ್ಲು," ಎಂದ ಗುರಪ್ಪ.

ಅಣ್ಣಾರಾಯ ಮಕ್ತುಮಸಾಬನ ಕಡೆ ನೋಡಿದ. ಮಕ್ತುಮಸಾಬ ರಸ್ತೆಯ ಆಚೆ ನೋಡಿದ. ಅವರಿಗಾರಿಗೂ ಏನೂ ಕೇಳಿಸಿರಲಿಲ್ಲ. ಗುರಪ್ಪ ಆಗಲೇ ಬಸ್ಸಿಗೆ ಕೈ ಅಡ್ಡ ಮಾಡಿ ಅರ್ಧ ರಸ್ತೆ ದಾಟಿದ್ದ.